ಹತ್ತು ಎಣಿಸುವ ತನಕ

ನನ್ನ ಬಲಗಾಲು ಪೋಲಿಯೋದಲ್ಲಿ ಹೋದದ್ದು ಎರಡನೇ ವಯಸ್ಸಿಗೆ. ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಹೋಗುತ್ತಿದ್ದೆ. ಶಾಲೆಯ ಮುಂದಿನ ಏರು ಮಾತ್ರ ನನ್ನ ಕೈಗೆ ಮೀರಿದ್ದು. ಯಾರಾದರೂ ಬಂದು ತಳ್ಳಲಿ ಎಂದು ದಿನಾ ಕಾಯಬೇಕು. ತಳ್ಳುವವರು ಒಳ್ಳೆಯವರೇ, ತಳ್ಳುತ್ತ ನನ್ನ ಮದುವೆಯ ಚಿಂತೆಯನ್ನೂ ಮಾಡುತ್ತಿದ್ದರು.

ನಮ್ಮ ಮನೆಯ ಮುಂದಿನ ಕೋಣೆಯೇ ಅಣ್ಣನ ಅಂಗಡಿ. ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತಿದ್ದ. ಅವನೇ ಹಳೆಯ ಜೀಪಿನ ಡೈನಮೊ ಒಂದನ್ನು ತಂದು, ಬ್ಯಾಟರಿಗೆ ಜೋಡಿಸಿ, ನನ್ನ ಗಾಡಿಗೆ ಮೋಟರು ಮಾಡಿ ಕಟ್ಟಿಕೊಟ್ಟ. ಎದುರಿಗೆ ಕೂಡಿಸಿಕೊಂಡು ಪಾಠವನ್ನೂ ಹೇಳಿದ.

“ಏರ ಹತ್ತೂಮುಂದ ನಡುವ ನಿಲ್ಲಿಸು. ಮೋಟರ್ ಮ್ಯಾಲ ಅಂಗೈ ಇಡು. ಹತ್ತು ಎಣಿಸೂತನಕ ಕೈ ತಡಕೊಂಡ್ರ ಹೋಗು. ಸುಡತಿತ್ತಂದ್ರ ಆರೂತನಕ ಕುಂಡರು. ಬಿಸಿ ಮೋಟರಿಗೆ ನೀರ ಮಾತ್ರ ಹಾಕಬ್ಯಾಡ.”

ಅರ್ಧ ಏರಿನ ಬೇವಿನ ಮರದ ಕೆಳಗೆ ದಿನಾ ನಿಲ್ಲಿಸಿ, ಬಗ್ಗಿ ಸೀಟಿನ ಕೆಳಗೆ ಕೈಯಿಟ್ಟು ಎಣಿಸುತ್ತಿದ್ದೆ. “ಅಕ್ಕಾರು ಎಮ್ಮಿ ಹಿಂಡಾಕ ಕುಂತಾರ ನೋಡ್ರಿ” ಎಂದು ನೀರಿಗೆ ಹೋಗುವ ಹೆಂಗಸರು ನಗುತ್ತಿದ್ದರು. ನಗಲಿ. ಯಾರ ದಾರಿಯನ್ನೂ ಕಾಯದೆ ಏರು ಹತ್ತುತ್ತಿದ್ದೆನಲ್ಲ.

ಒಂದು ಸೋಮವಾರ ಮರ ಇನ್ನೂ ದೂರವಿರುವಾಗಲೇ ಸುಟ್ಟ ವಾಸನೆ ಬಂತು, ಹಿಂದೆಯೇ ಹೊಗೆ. ಗಾಡಿ ನಿಂತೇಬಿಟ್ಟಿತು. ಯಾರೋ ಪುಣ್ಯಾತ್ಮರು ಅಂಗಡಿಗೆ ತಳ್ಳಿಕೊಂಡು ಬಂದರು. ಅಣ್ಣ ಬಿಚ್ಚಿ ನೋಡಿದ. “ಎಷ್ಟ ಹೇಳಿದ್ನಿ ನಿಲ್ಲಿಸಂತ. ಅವಸರ ಮಾಡಿದಿ” ಅಂದ. ಅವ್ವನೂ ಅದನ್ನೇ ಅಂದಳು. ನಾನು ನಂಬಿದೆ. ಯಾವತ್ತೋ ಬೇಗ ಬೇಗ ಎಣಿಸಿರಬೇಕು ಎಂದುಕೊಂಡು, ಅವನ ಕೈ ಹಿಡಿದು, ತಪ್ಪಾಯಿತು ಎಂದು ಅತ್ತೆ. ಅವನು ನನ್ನ ತಲೆ ಸವರಿದ.

ಎಂಟು ದಿನದ ಮೇಲೆ, ಅಣ್ಣ ಇಲ್ಲದ ಹೊತ್ತಿನಲ್ಲಿ, ಮುದ್ದೇಬಿಹಾಳ ರಸ್ತೆಯ ರೈತನೊಬ್ಬ ಅಂಗಡಿಗೆ ಬಂದ.

“ಅಕ್ಕಾರ, ನಿಮ್ಮ ಗಾಡಿ ಭಾರಿ ಐತ್ರಿ! ಹ್ವಾದ ಐತವಾರ ಅಲ್ಲ, ಅದರ ಹಿಂದಿನ ಐತವಾರ ನಿಮ್ಮ ಅಣ್ಣಾರು ನನ್ನ ಪಂಪ್ ಅದರಾಗ ಹೇರಿಕೊಂಡು ಮಡ್ಡಿ ದಿಬ್ಬ ಹತ್ತಿಸಿದ್ರು. ಒಂದ ಕಡೆನೂ ನಿಲ್ಲಲಿಲ್ಲ. ಕಡೀಕ ಹೊಗಿ ಬಂತು, ಒಂದ ಕೊಡ ನೀರ ಸುರುವಿದ್ವಿ.”

ಆ ಭಾನುವಾರ ಎಂದರೆ ನನ್ನ ಗಾಡಿ ನಿಂತುಹೋದ ಸೋಮವಾರದ ಹಿಂದಿನ ದಿನ. ಮೋಟರು ಹೋದರೆ ಹೋಗಲಿ. ಆ ತಲೆ ಸವರಿದ್ದನ್ನು ನಾನು ಹೇಗೆ ಕ್ಷಮಿಸಲಿ?

ಅಣ್ಣ ಬಂದ ಕೂಡಲೇ ಕೇಳಿದೆ. ಅವನು ಇಲ್ಲ ಅನ್ನಲಿಲ್ಲ.

“ಮೋಟರ್ ಸುಡಬ್ಯಾಡ್ರಿ ಅಂತ ಊರಿಗೆಲ್ಲ ಹೇಳಾಂವ ನಾನು. ನಾನ ಸುಟ್ಟೀನಿ ಅಂದ್ರ ಈ ಅಂಗಡಿಗೆ ಯಾರ ಬರತಾರ? ನಿನಗೇನು, ಹೆಣ್ಮಗಳು. ತಪ್ಪಿದ್ರ ಮಂದಿ ನಕ್ಕು ಬಿಡತಾರ.”

ಮರುದಿನ ಇಂಡಿ ಕಡೆಯ ಗಿರಾಕಿಯೊಬ್ಬನಿಗೆ, ಎಡೆಬಿಡದೆ ಓಡಿಸಿದರೆ ಮೋಟರಿಗೆ ಏನಾಗುತ್ತದೆ ಎಂದು ಅಣ್ಣ ಬುದ್ಧಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ನನ್ನ ಕಡೆ ಬೆರಳು ಮಾಡಿದ.

“ಬೇಕಾದ್ರ ಕೇಳ್ರಿ, ನಮ್ಮ ತಂಗಿನೇ ಒಂದ ಮೋಟರ್ ಸುಟ್ಟಾಳ. ಹೌದಲ್ಲೇನವಾ?”

ಅವನ ಮುಂದೆ ನನ್ನ ಮೋಟರು ಬಿಚ್ಚಿ ಬಿದ್ದಿತ್ತು. ಅರ್ಧ ಸುತ್ತಿದ ತಂತಿಯ ತುದಿ ಅವನ ಬೆರಳಲ್ಲಿತ್ತು. ಬಾಗೇವಾಡಿಯಲ್ಲಿ ಅದನ್ನು ಸುತ್ತಿ ಮುಗಿಸಬಲ್ಲವನು ಅವನೊಬ್ಬನೇ.

“ಹೌದ್ರಿ,” ಎಂದೆ ಆ ಗಿರಾಕಿಗೆ, “ನಾನ ಸುಟ್ಟೀನಿ.”