ಕೇಳಬಾರದ್ದನ್ನು ಕೇಳುವವರು

ಬಸ್ ಡಿಪೋದಲ್ಲಿ ಮೋಹನ್ ಕುಮಾರ್ ಅವರದು ಡ್ಯೂಟಿ ಹಂಚುವ ಕೆಲಸ. ಬಸ್ಸು ಓಡಿಸಬೇಕಾದವರು ಬರದೆ ಹೋದರೆ ಮುಂದೇನು ಎಂದು ಯೋಚಿಸುವುದಕ್ಕೇ ಅವರಿಗೆ ಸಂಬಳ. ನೊಣವಿನಕೆರೆಯ ಡ್ರೈವರಿಗೆ ಜ್ವರ ಬಂದರೆ ಯಾರು, ತುರುವೇಕೆರೆಯ ಕಂಡಕ್ಟರ್ ಮದುವೆಗೆ ಹೋದರೆ ಯಾರು. ಬೆಳಗಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದ ಸ್ಪೇರ್ ಡ್ರೈವರುಗಳನ್ನು ಕಂಡರೆ ಅವರಿಗೆ ಧೈರ್ಯ. ಯಾವ ಊರಿನವರೂ ರಸ್ತೆ ಬದಿಯಲ್ಲಿ ಕಾದು ಕಾದು ಮನೆಗೆ ಮರಳಬಾರದು ಎಂಬುದಷ್ಟೇ ಅವರ ಹಟವಾಗಿತ್ತು.

ನಿವೃತ್ತಿಯಾದ ಮೇಲೂ ಆ ಹಟ ಹೋಗಲಿಲ್ಲ. ತಿಪಟೂರಿನಲ್ಲಿ ಅವರಂತೆಯೇ ಮನೆಯಲ್ಲಿ ಕೂರಲಾರದ ಕೆಲವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಹೈಸ್ಕೂಲಿನ ಹೆಡ್‌ಮೇಷ್ಟ್ರಾಗಿದ್ದ ಲಕ್ಷ್ಮಯ್ಯ ಅದಕ್ಕೆ ಹಿರಿಯರು. ಸುತ್ತಿನ ತಾಲ್ಲೂಕುಗಳ ಸಣ್ಣ ಶಾಲೆ, ಹಾಸ್ಟೆಲ್ಲು, ಮಹಿಳಾ ಸಂಘ, ವೃದ್ಧಾಶ್ರಮ ಯಾವುದೇ ಕರೆಯಲಿ, ಹೋಗಿ ಕೂತು ನೋಡುವುದು, ಎಲ್ಲಿ ಎಡವುತ್ತಿದ್ದೀರಿ, ಹೇಗೆ ಸರಿಮಾಡಿಕೊಳ್ಳಬಹುದು ಎಂದು ಹೇಳಿ ಬರುವುದು ಅದರ ಕೆಲಸ. ಬಸ್ ಚಾರ್ಜು ಮತ್ತು ಒಂದು ಊಟ ಬಿಟ್ಟರೆ ಬೇರೇನನ್ನೂ ತೆಗೆದುಕೊಳ್ಳುವಂತಿಲ್ಲ. ಮೋಹನ್ ಕುಮಾರ್ ಊಟವನ್ನೂ ಡಬ್ಬಿಯಲ್ಲಿ ಒಯ್ಯುತ್ತಿದ್ದರು.

ಬೇರೆಯವರು ಕಟ್ಟಡ, ಪಾಠ, ಆರೋಗ್ಯ ನೋಡುತ್ತಿದ್ದರು. ಮೋಹನ್ ಕುಮಾರ್ ಪಾಲಿಗೆ ಬಂದದ್ದು ಯಾರೂ ಕೇಳದ ಪ್ರಶ್ನೆಗಳು. ಅಡುಗೆಯವಳು ಬರದಿದ್ದರೆ? ಮಳೆಗೆ ಕರೆಂಟು ಹೋಗಿ ಎರಡು ದಿನ ಬರದಿದ್ದರೆ? ಒಮ್ಮೆ ಹಾಲ್ಕುರಿಕೆಯ ಕಡೆ ಒಂದು ಸಂಘದ ಅಂಗಳದಲ್ಲಿ ನಿಂತು, "ಈ ತೊಟ್ಟಿಗೆ ಮುಚ್ಚಳ ಇಲ್ವಲ್ಲ, ಏನಾದ್ರೂ ಬಿದ್ರೆ?" ಎಂದಿದ್ದರು. ಮುಚ್ಚಳಕ್ಕೆ ಹೇಳಿದ ಮರುದಿನವೇ ಯಾರದೋ ಮೇಕೆಮರಿ ಅದರಲ್ಲಿ ಬಿದ್ದು ಸತ್ತಿತು. "ಮೋಹನಪ್ಪಂದು ಕರಿನಾಲಿಗೆ ಕಣ್ಲಾ" ಎಂದು ಜನ ನಕ್ಕರು. ಅವರೂ ನಕ್ಕರು.

ಚಿಕ್ಕಗೌರಮ್ಮನ ಶಾಲೆಗೆ ಹೋದದ್ದು ಅದಾದ ಮೇಲೆ. ಹೊನ್ನವಳ್ಳಿಯ ದಾರಿಯಲ್ಲಿ, ತೋಟದ ನಡುವೆ, ಒಂದು ಕಾಲಕ್ಕೆ ಅಟ್ಟದ ತುಂಬ ಕೊಬ್ಬರಿ ಕಾಯಿ ಒಣಗುತ್ತಿದ್ದ ಮನೆ ಅದು. ಗಂಡ ತೀರಿಕೊಂಡ ಮೇಲೆ ಆಕೆ ಅಟ್ಟ ಕಿತ್ತಿಸಿ, ನೆಲಕ್ಕೆ ಚಾಪೆ ಹಾಸಿ, ನಡೆಯಲಾರದ, ಮಾತು ಬಾರದ ಮಕ್ಕಳನ್ನು ಕೂರಿಸಿಕೊಂಡಿದ್ದರು. ಬೇರೆ ಶಾಲೆಗಳು 'ನಮ್ಮಿಂದಾಗಲ್ಲ' ಎಂದು ಕಳಿಸಿದ ಮಕ್ಕಳು. ಹಗಲೆಲ್ಲ ಅವರನ್ನು ನೋಡಿಕೊಳ್ಳಲು ಚಿಕ್ಕಗೌರಮ್ಮ, ಅವರ ತಂಗಿಯ ಮಗಳು ಧನ್ಯಶ್ರೀ, ಇಬ್ಬರೇ.

ಮೋಹನ್ ಕುಮಾರ್ ಕೆಲವು ದಿನ ಮೂಲೆಯಲ್ಲಿ ಕೂತು ನೋಡಿದರು. ಎಲ್ಲವೂ ಚಿಕ್ಕಗೌರಮ್ಮನ ಕೈಯಲ್ಲಿತ್ತು. ಯಾವ ಮಗು ಯಾಕೆ ಅಳುತ್ತದೆ, ಯಾವುದಕ್ಕೆ ಬೆಳಕು ಆಗದು, ಎಲ್ಲ ಅವರಿಗೆ ಮಾತ್ರ ಗೊತ್ತು. ಕೃತಿಕಾ ಎಂಬ ಒಂಬತ್ತರ ಹುಡುಗಿಯಂತೂ ಅವರ ಮಡಿಲಲ್ಲಿ ಒರಗಿ ಕೂತರಷ್ಟೇ ಬಾಯಿ ತೆರೆಯುತ್ತಿದ್ದಳು. ಅವಳ ಕೈಕಾಲು ಸೆಟೆದುಕೊಂಡಿರುತ್ತಿತ್ತು. ದವಡೆ ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ಅಜ್ಜಿ ಹುಚ್ಚಕ್ಕ ಬೆಳಿಗ್ಗೆ ಸಂಜೆ ಹೇಗೋ ಹಾಲು ಇಳಿಸುತ್ತಿದ್ದಳು. ಅನ್ನ ಒಳಗೆ ಹೋಗುತ್ತಿದ್ದದ್ದು ಶಾಲೆಯಲ್ಲಿ, ಆ ಒಂದು ಮಡಿಲಲ್ಲಿ.

ಕೊನೆಯ ದಿನ ಸಂಜೆ ಮಕ್ಕಳ ಮನೆಯವರನ್ನೆಲ್ಲ ಕರೆದಿದ್ದರು. ಮೋಹನ್ ಕುಮಾರ್ ಮೆಚ್ಚಿದ್ದನ್ನು ಹೇಳಿದರು. ಆಮೇಲೆ ಕೇಳಿದರು.

"ಅಕ್ಕಾವ್ರೇ, ನಾಳೆ ನೀವು ಇಲ್ಲಿಗೆ ಬರದೆ ಹೋದ್ರೆ?"

"ಯಾಕೆ ಬರಲ್ಲ? ಪಕ್ಕದ ಕೋಣೇಲೇ ಮಲಗೋದು ನಾನು" ಎಂದು ಚಿಕ್ಕಗೌರಮ್ಮ ನಕ್ಕರು.

"ಆಗಲ್ಲ ಅಂದ್ಕೊಳ್ಳಿ. ಒಂದಿನ ಅಲ್ಲ. ಮುಂದೆ ಯಾವತ್ತೂ ಆಗಲ್ಲ. ಆಗ ಈ ಮಕ್ಕಳ ಗತಿ?"

ಕೃತಿಕಾಳನ್ನು ಹೆಗಲಿಗೆ ಹಾಕಿಕೊಂಡಿದ್ದ ಹುಚ್ಚಕ್ಕ ಎದ್ದೇ ನಿಂತಳು.

"ಏಯ್, ಬುಡ್ತು ಅನ್ನಪ್ಪ! ದೀಪ ಹಚ್ಚೋ ಹೊತ್ನಾಗೆ ಎಂಥಾ ಮಾತಾಡ್ತೀಯ?"

"ಅನ್ನಕ್ಕೇನು ಅಜ್ಜಿ? ಆದ್ರೆ ಅಂದ್ಬಿಟ್ರೆ ಇವರು ಇವತ್ತೇ ಮರೆತುಬಿಡ್ತಾರೆ. ಮರೀಬಾರ್ದು ಅಂತಾನೇ ಕೇಳಿದ್ದು."

"ಅನ್ನು ಅಂದ್ರೆ ಅನ್ನಬೇಕು. ಓದಿದೋರಿಗೆ ಬಾಯಿಗೆ ಬೀಗ ಇರಲ್ವಾ?"

ಅವರು ಅನ್ನಲಿಲ್ಲ. ಕೊನೆಗೆ ಚಿಕ್ಕಗೌರಮ್ಮನೇ, "ಬುಡ್ತು ಬುಡ್ತು, ನಾನೇ ಅಂದೆ. ಎಲ್ರೂ ಕಾಫಿ ಕುಡೀರಿ" ಎಂದು ಲೋಟ ಹಂಚಿದರು. ಪ್ರತಿ ಮಗುವಿನ ಆರೈಕೆಯನ್ನೂ ಧನ್ಯಶ್ರೀ ಪಕ್ಕದಲ್ಲಿ ಕೂತು ಕಲಿಯಬೇಕು, ಕೃತಿಕಾಳ ಊಟದಿಂದಲೇ ಶುರುವಾಗಬೇಕು ಎಂದು ಮೋಹನ್ ಕುಮಾರ್ ಹೇಳಿದ್ದಕ್ಕೆ ತಲೆಯಾಡಿಸಿದರು. "ಗೌರಿ ಹಬ್ಬ ಕಳೀಲಿ. ಆಮೇಲೆ ಕಲಿಸ್ತೀನಿ."

ಹಬ್ಬಕ್ಕೆ ಮೊದಲೇ ಚಿಕ್ಕಗೌರಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಏನು ಕೇಳಿದರೂ ಒಂದು ಅರ್ಥವಿಲ್ಲದ ಸದ್ದು ಬರುತ್ತಿತ್ತು. ಅದನ್ನು ಕೇಳಿ ಅವರೇ ಅಳುತ್ತಿದ್ದರು.

ಸುದ್ದಿ ತಿಳಿದ ದಿನ ಮೋಹನ್ ಕುಮಾರ್ ಕ್ಷೌರ ಮಾಡಿಕೊಳ್ಳುತ್ತಿದ್ದರು. ಕನ್ನಡಿಯ ಮುಂದೆ ಬಾಯಿ ತೆರೆದು ನಾಲಿಗೆ ಚಾಚಿ ನೋಡಿಕೊಂಡರು. ಎಲ್ಲರಿಗಿರುವಂಥ ನಾಲಿಗೆಯೇ. ನಾಚಿಕೆಯಾಗಿ ಬಾಯಿ ಮುಚ್ಚಿದರು. ಮರುದಿನವೂ ನೋಡಿಕೊಂಡರು.

ಈ ಸಲ ಯಾರೂ ನಗಲಿಲ್ಲ. ತುರುವೇಕೆರೆಯ ಒಂದು ಹಾಸ್ಟೆಲ್ಲಿನವರು ಲಕ್ಷ್ಮಯ್ಯನವರಿಗೆ ಫೋನ್ ಮಾಡಿ, "ಅವರೊಬ್ಬರನ್ನ ಬಿಟ್ಟು ಬೇರೆ ಯಾರನ್ನಾದ್ರೂ ಕಳ್ಸಿ ಸರ್" ಎಂದರು. ಲಕ್ಷ್ಮಯ್ಯ ಅದನ್ನು ಹೇಳಲು ಮನೆಗೇ ಬಂದರು. ಕಾಫಿ ಆರಿಹೋಗುವವರೆಗೂ ತೋಟದ ಮಾತಾಡಿ, ಏಳುವಾಗ, "ನಾನೇನು ಇದನ್ನೆಲ್ಲ ನಂಬಲ್ಲ ಮೋಹನ್. ಆದ್ರೂ ಸ್ವಲ್ಪ ದಿನ ಮನೇಲಿರಿ" ಎಂದರು.

ಮನೆಯಲ್ಲೂ ಒಂದು ಬಗೆಯ ಎಚ್ಚರಿಕೆ ಬಂದು ಸೇರಿತ್ತು. ಹೆಂಡತಿ ಚಿಕ್ಕನಾಯಕನಹಳ್ಳಿಗೆ ತಂಗಿಯ ಮನೆಗೆ ಹೊರಟಾಗ, "ಕೊಡೆ ತಗೊಂಡ್ಯಾ? ದಾರೀಲಿ ಬಸ್ಸೇನಾದ್ರೂ..." ಎಂದು ಮೋಹನ್ ಕುಮಾರ್ ಶುರುಮಾಡಿದರು. ಚಪ್ಪಲಿ ಮೆಟ್ಟುತ್ತಿದ್ದ ಆಕೆ ತಲೆಯೆತ್ತಿದಳು. ಮುಖದಲ್ಲಿ ಕೋಪವಿರಲಿಲ್ಲ.

"ರೀ, ನನ್ನ ವಿಷ್ಯದಲ್ಲಿ ಏನೂ ಅಂದ್ಕೋಬೇಡಿ. ಕೈ ಮುಗೀತೀನಿ."

ಆಕೆ ಹೋದ ಮೇಲೆ ಅವರು ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದರು. ಮೂವತ್ತು ವರ್ಷ ಊರೂರಿನ ಜನ ಮನೆ ಸೇರಲಿ ಎಂದು ಕೆಟ್ಟದ್ದನ್ನೆಲ್ಲ ಮೊದಲೇ ಎಣಿಸಿಟ್ಟವರಿಗೆ, ಸ್ವಂತ ಹೆಂಡತಿಗೆ ಹುಷಾರು ಎಂದು ಹೇಳುವ ಹಕ್ಕು ಉಳಿದಿರಲಿಲ್ಲ.

ಧನ್ಯಶ್ರೀ ಫೋನ್ ಮಾಡಿದ್ದು ಆ ದಿನಗಳಲ್ಲೇ.

"ಸರ್, ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋಗ್ತಾ ಇದಾರೆ. ಅದು ಹೋಗ್ಲಿ. ಕೃತಿಕಾ ತಿಂತಾ ಇಲ್ಲ. ನಾನು ಏನ್ ಮಾಡಿದ್ರೂ ಹಲ್ಲು ಕಚ್ಚಿಬಿಡ್ತಾಳೆ. ಡಾಕ್ಟ್ರು ಹೀಗೇ ಆದ್ರೆ ಮೂಗಿಗೆ ಪೈಪು ಹಾಕ್ಬೇಕಾಗುತ್ತೆ ಅಂದಿದಾರೆ. ದೊಡ್ಡಮ್ಮ ಹೇಗೆ ತಿನ್ನಿಸ್ತಿದ್ರು ಅಂತ ಕೇಳೋಣ ಅಂದ್ರೆ ಅವರಿಗೆ ಮಾತಿಲ್ಲ. ನೀವು ಬನ್ನಿ ಸರ್. ಹಿತ್ತಿಲ ಕಡೆಯಿಂದ ಬನ್ನಿ."

ಅವರು ಹಿತ್ತಿಲಿನಿಂದ ಹೋಗಲಿಲ್ಲ. ಬಸ್ಸಿಳಿದು ಮುಂಬಾಗಿಲಿಗೇ ನಡೆದರು. ಹುಚ್ಚಕ್ಕ ಜಗಲಿಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು ಕೂತಿದ್ದಳು. ಹುಡುಗಿಯ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಅವರನ್ನು ಕಂಡವಳೇ ಹುಚ್ಚಕ್ಕ ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು.

"ಇನ್ನೇನು ಉಳಿದೈತೆ ಅಂತ ನೋಡಕ್ ಬಂದ್ಯಪ್ಪ?"

"ಅವತ್ತು ಅನ್ನಲಿಲ್ಲ ಅಜ್ಜಿ, ತಪ್ಪಾಯ್ತು. ಬಿಡ್ತು. ಸಾವಿರ ಸಲ ಬಿಡ್ತು."

"ಈಗ ಅಂದ್ರೆ ಏನ್ ಬಂತು? ಆಯಮ್ಮ ಎದ್ ಕೂತ್ಕಂಡಾಳಾ?"

ಒಳಗೆ ಕಾಲಿಡಲು ಹೋದಾಗ ಆ ಮಾತಿಗಿಂತ ಕಷ್ಟದ್ದು ಕಾದಿತ್ತು. ಮಂಚದ ಮೇಲಿದ್ದ ಚಿಕ್ಕಗೌರಮ್ಮ ಅವರನ್ನು ನೋಡಿದರು. ಸ್ವಾಧೀನವಿದ್ದ ಎಡಗೈಯಿಂದ ದಿಂಬು ಹಿಡಿದು, ತಿಣುಕಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಮೋಹನ್ ಕುಮಾರ್ ಹಾಗೇ ಹಿಂದೆ ಸರಿದರು. ಹೋಗಿಬಿಡಬಹುದಾಗಿತ್ತು. ಕಿಟಕಿಯ ಕೆಳಗೆ, ಜಗಲಿಯ ಆ ತುದಿಯಲ್ಲಿ, ಒಳಗಿನವರಿಗೆ ಕಾಣದಂತೆ ಗೋಡೆಗೊರಗಿ ಕೂತರು.

"ಧನ್ಯಾ, ನಾನು ಇಲ್ಲೇ ಇರ್ತೀನಿ. ಮಗೂನ ಅವರ ಮಡಿಲಿಗೆ ಕೊಡು. ಏನೂ ಹೇಳ್ಕೊಡಿ ಅನ್ನಬೇಡ. ಸುಮ್ನೆ ಕೊಡು. ತಿನ್ನಿಸೋಳು ನೀನೇ."

ಹುಚ್ಚಕ್ಕ ಒಲ್ಲೆನೆಂದಳು, ಗೊಣಗಿದಳು, ಕೊನೆಗೆ ತಾನೇ ಮಗುವನ್ನೆತ್ತಿ ಒಳಗೆ ಒಯ್ದಳು. ಚಿಕ್ಕಗೌರಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸುವ ಸದ್ದು, ಮಂಚದ ಕಿರುಗುಟ್ಟುವಿಕೆ, ಧನ್ಯಶ್ರೀ ಅನ್ನ ಹಿಸುಕುವಾಗಿನ ಬಳೆಯ ಸದ್ದು ಹೊರಗೆ ಕೇಳಿದವು. ಆಮೇಲೆ ಚಮಚ ಹಲ್ಲಿಗೆ ತಾಗಿದ ಸದ್ದು. ಮತ್ತೆ ಅದೇ. ಧನ್ಯಶ್ರೀಯ ಬಿಕ್ಕು.

"ಕೈ ಹೀಗೇ ಇಡ್ತಿದ್ರು ಸರ್, ಗದ್ದದ ಕೆಳಗೆ. ನಾನು ನೋಡಿದೀನಿ. ಹಾಗೇ ಇಟ್ಟಿದೀನಿ. ಆದ್ರೂ..."

ಆಗ ಒಂದು ಗುಂಯ್‌ಗುಟ್ಟುವಿಕೆ ಶುರುವಾಯಿತು. ಅದು ಹಾಡೂ ಅಲ್ಲ, ಮಾತೂ ಅಲ್ಲ. ಎದೆಯ ಆಳದಿಂದ, ಮಗುವನ್ನು ಮಲಗಿಸುವವರು ತಮಗೇ ತಿಳಿಯದೆ ಮಾಡುವಂಥದ್ದು. ಪದಗಳೆಲ್ಲ ಹೋದ ಮೇಲೂ ಚಿಕ್ಕಗೌರಮ್ಮನಿಂದ ಅದು ಹೋಗಿರಲಿಲ್ಲ. ಚಮಚದ ಸದ್ದು ನಿಂತಿತು. ಏನೋ ನುಂಗಿದ ಸಣ್ಣ ಗುಟುಕು. ಗುಂಯ್ ನಿಂತಿತು, ಚಮಚ ಮತ್ತೆ ಹಲ್ಲಿಗೆ ಬಡಿಯಿತು.

ಒಳಗಿದ್ದವರು ಕೈಯನ್ನೇ ನೋಡುತ್ತಿದ್ದರು. ಹೊರಗಿದ್ದವರಿಗೆ ಕೇಳುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

"ಧನ್ಯಾ, ಅವರು ಗುಂಯ್ ಅನ್ನೋವಾಗ ಮಾತ್ರ ಕೊಡು. ನಿಲ್ಲಿಸಿದ್ರೆ ನೀನೂ ನಿಲ್ಲಿಸು. ಮಗೂನ ಬೆನ್ನು ಅವರ ಎದೆಗೆ ಅಂಟಿರ್ಲಿ."

ಬಹಳ ಹೊತ್ತು ಆಯಿತು. ಬಟ್ಟಲಿನಲ್ಲಿದ್ದ ಅನ್ನ ಖಾಲಿಯಾಗಲಿಲ್ಲ. ಒಂದು ತುತ್ತು ನೆತ್ತಿಗೇರಿ ಎಲ್ಲರೂ ಹೆದರಿದರು. ಆಮೇಲೆ ಧನ್ಯಶ್ರೀ ಮಗುವನ್ನು ತನ್ನ ಎದೆಗೆ ಒರಗಿಸಿಕೊಂಡು ತಾನೇ ಗುಂಯ್‌ಗುಟ್ಟಿದಳು; ಅಳುತ್ತಿದ್ದುದರಿಂದ ಸದ್ದು ನಡುಗುತ್ತಿತ್ತು; ಕೃತಿಕಾ ಹಲ್ಲು ಕಚ್ಚಿದಳು. ಚಿಕ್ಕಗೌರಮ್ಮನ ಎಡಗೈ ಧನ್ಯಶ್ರೀಯ ಬೆನ್ನ ಮೇಲೆ ಬಂದು ನಿಧಾನಕ್ಕೆ ತಟ್ಟತೊಡಗಿತು. ಮತ್ತೆ ಪ್ರಯತ್ನಿಸಿದಾಗ ಹುಡುಗಿ ಎರಡು ತುತ್ತು ತಿಂದಳು. ಮೂರನೆಯದನ್ನು ಉಗುಳಿದಳು.

ಇದನ್ನೆಲ್ಲ ಮೋಹನ್ ಕುಮಾರ್‌ಗೆ ಕಿಟಕಿಯಿಂದ ಬಗ್ಗಿ ಹೇಳಿದವಳು ಧನ್ಯಶ್ರೀ. "ಎರಡು ಹೋಯ್ತು ಸರ್." ಅವಳ ಕೆನ್ನೆಯ ಮೇಲೆ ಅನ್ನದ ಅಗುಳು ಅಂಟಿತ್ತು.

"ಸಾಕು ಇವತ್ತಿಗೆ. ನಾಳೆ ಮತ್ತೆ ಇಲ್ಲೇ, ಅವರ ಮಡಿಲಲ್ಲೇ ಶುರುಮಾಡು. ನಾನು ಬರೋದು ಬೇಡ."

"ಬಿಟ್ಟುಹೋದ ಮಕ್ಕಳ ಮನೆಯವರು ಬರ್ತಾರಾ ಸರ್?"

"ಗೊತ್ತಿಲ್ಲಮ್ಮ. ಇವಳು ತಿನ್ನೋದನ್ನ ಕಂಡೋರು ಬಂದ್ರೂ ಬರಬೋದು. ನನ್ನ ಹೆಸರು ಹೇಳಬೇಡ."

ಅವರು ಏಳುವಷ್ಟರಲ್ಲಿ ಹುಚ್ಚಕ್ಕ ಹೊರಗೆ ಬಂದಳು. ನಿದ್ದೆ ಹೋದ ಮೊಮ್ಮಗಳು ಹೆಗಲ ಮೇಲಿದ್ದಳು. ಅಜ್ಜಿ ಜಗಲಿಯ ಇನ್ನೊಂದು ತುದಿಯಲ್ಲಿ, ನಡುವೆ ಸಾಕಷ್ಟು ಜಾಗ ಬಿಟ್ಟು ಕೂತಳು. ತೋಟದಲ್ಲಿ ಎಲ್ಲೋ ಒಂದು ಗರಿ ಕಳಚಿ ಬಿತ್ತು.

"ನಿಂಗೆ ಭಯ ಆಗಲ್ವೇನಪ್ಪ, ಅಂಥಾದ್ದೆಲ್ಲ ಕೇಳಕ್ಕೆ?"

"ಈಗ ಆಗುತ್ತೆ ಅಜ್ಜಿ. ಮುಂಚೆ ಆಗ್ತಿರಲಿಲ್ಲ."

"ನಂಗೆ ದಿನಾ ಆಯ್ತದೆ." ಅವಳು ಅವರ ಕಡೆ ನೋಡದೆ, ಮಗುವಿನ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. "ನೀನು ಅವತ್ತು ಆಯಮ್ಮನ್ನ ಕೇಳ್ದೆ. ನಂಗೆ ನನ್ನೇ ಕೇಳ್ದಂಗಾಯ್ತು. ಇವಳವ್ವ ಇಲ್ಲ. ಅಪ್ಪ ಇನ್ನೊಂದು ಕಟ್ಕಂಡ. ನಾನ್ ಹೋದ ಮಾರ್ನೇ ದಿನ ಇವಳ್ನ ಎತ್ಕಳೋರು ಯಾರಪ್ಪ? ಬಾಯ್ಬಿಟ್ಟು ಅಂದ್ರೆ ಎಲ್ಲಿ ಆಗೋಯ್ತದೋ ಅಂತ ಯಾರ್ ತಾವೂ ಅಂದಿಲ್ಲ. ದೇವ್ರ ಮುಂದ್ಲೂ ಅಂದಿಲ್ಲ."

ಡಿಪೋದ ಬೆಂಚಿನಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಇಲ್ಲಿ ಯಾರನ್ನು ಕಳಿಸುವುದೆಂದು ಮೋಹನ್ ಕುಮಾರ್‌ಗೆ ತಿಳಿಯಲಿಲ್ಲ. ಧನ್ಯಶ್ರೀ ಎಂದು ಹೇಳಿಬಿಡುವುದು ಸುಲಭವಾಗಿತ್ತು. ಆದರೆ ಅವಳಿಗೂ ಒಂದು ಬದುಕಿತ್ತು. ಸರ್ಕಾರದ ಆಶ್ರಮಗಳ ಹೆಸರು ಹೇಳಬಹುದಿತ್ತು. ಅವುಗಳಲ್ಲಿ ಕೆಲವನ್ನು ಅವರು ಕಣ್ಣಾರೆ ನೋಡಿದ್ದರು.

"ಹೇಳಪ್ಪ. ನೀನು ಕೇಳೋನು. ಹೇಳೋನು ಅಲ್ವಾ?"

"ಯಾರು ಅಂತ ನಂಗೆ ಗೊತ್ತಿಲ್ಲ ಅಜ್ಜಿ. ಸುಳ್ಳು ಹೇಳಲ್ಲ. ಹುಡುಕಬೇಕು. ಸಿಗದೇನೂ ಇರಬೋದು."

ಹುಚ್ಚಕ್ಕ ನಿಟ್ಟುಸಿರುಬಿಟ್ಟಳು. ಎದ್ದು ಹೋಗಲಿಲ್ಲ. ರಸ್ತೆಯಲ್ಲಿ ತಿಪಟೂರಿನ ಬಸ್ಸು ಹಾರನ್ ಹೊಡೆದು ನಿಂತಿತು, ಯಾರನ್ನೋ ಇಳಿಸಿತು, ಹೊರಟಿತು. ಮೋಹನ್ ಕುಮಾರ್ ಕೂತೇ ಇದ್ದರು. ಜಗಲಿಯ ಮೇಲೆ ಒಂದಿಷ್ಟು ಅವಳ ಕಡೆಗೆ ಸರಿದು, ಮೆಲ್ಲಗೆ ಕೇಳಿದರು.

"ಯಾರು ಸಿಕ್ಕಿದ್ರೂ ಅವರಿಗೆ ಗೊತ್ತಿರಬೇಕಲ್ಲ. ಬೆಳಿಗ್ಗೆ ಎದ್ದ ತಕ್ಷಣ ಇವಳಿಗೆ ಮೊದಲು ಏನು ಮಾಡ್ತೀರಿ?"

"ಕಾಲು ತಿಕ್ತೀನಿ" ಎಂದಳು ಹುಚ್ಚಕ್ಕ. "ಎಣ್ಣೆ ಬೆಚ್ಚಗೆ ಮಾಡ್ಕಂಡು. ಎಡಗಾಲು ಮೊದಲು. ಬಲಗಾಲು ಮೊದಲು ಮುಟ್ಟಿದ್ರೆ ಅಳ್ತಾಳೆ."