ನಾಗಯ್ಯನ ಪಡುವಣ ಕಿಟಕಿ

ಕುಮಾರಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಶಿವರುದ್ರಸ್ವಾಮಿ ಅವಳನ್ನು ಮನಸ್ಸಿನಲ್ಲೇ ತೂಗಿಬಿಟ್ಟಿದ್ದ. ನಲವತ್ತರ ಆಸುಪಾಸು, ಹೊಲಿಗೆ ಬಿದ್ದ ಚಪ್ಪಲಿ, ಸೆರಗಿನಲ್ಲಿ ಸಾರಿನ ಪುಡಿಯ ವಾಸನೆ, ನಿದ್ದೆಗೆಟ್ಟ ಕಣ್ಣು. ಕೊಳ್ಳುವ ಗಿರಾಕಿ, ಆದರೆ ಮಾತಿಗೆ ಮರುಳಾಗುವ ಗಿರಾಕಿಯಲ್ಲ.

ಚಾಮರಾಜನಗರದ ಗುಂಡ್ಲುಪೇಟೆ ರಸ್ತೆಯಲ್ಲಿ ಕಿಟಕಿ ಮಾರುವ ಅವನಿಗೆ ಗಿರಾಕಿ ಮೊದಲು ಮುಟ್ಟುವುದೇನು ಎಂಬುದರಲ್ಲೇ ಅವರ ಜಾತಕ ಸಿಗುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯ ರೆಸಾರ್ಟಿನವರು ಹಿಡಿಕೆ ಸವರುತ್ತಾರೆ. ಮೇಷ್ಟ್ರುಗಳು ಬೆಲೆಯ ಚೀಟಿ ತಿರುಗಿಸುತ್ತಾರೆ. ಇವಳು ಬಿಸಿಲಿಗೆ ನಿಲ್ಲಿಸಿದ್ದ ಮಾದರಿ ಕಿಟಕಿಗಳ ಹಿಂದಕ್ಕೆ ಹೋಗಿ ಒಂದೊಂದು ಗಾಜಿಗೂ ಕೆನ್ನೆ ಒಡ್ಡಿ ನಿಂತಳು.

"ಏನವ್ವ, ಕಿಟಕಿ ಬೇಕೋ, ಕೆನ್ನೆ ಕಾಯಿಸ್ಕಳಕೆ ಬಂದ್ಯೋ?"

"ಕಾಯಿಸ್ಕಳಕೆ ನಮ್ಮನೇಲೇ ಅದೆ ಸ್ವಾಮಿ, ಬಿಟ್ಟಿ. ಕಾಯ್ದೇ ಇರೋದು ಯಾವುದದೆ ತೋರಿಸಿ."

ಕುಮಾರಿ ಹತ್ತಿರದ ಕುದೇರು ಊರಿನವಳು, ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ನಾಗಯ್ಯ ಪಂಚಾಯ್ತಿಯ ನೀರು ಬಿಡುವವನಾಗಿದ್ದ. ನೀರಿನ ಟ್ಯಾಂಕಿನ ಏಣಿಯಿಂದ ಜಾರಿ ಬಿದ್ದು ಕತ್ತಿನ ಮೂಳೆ ಮುರಿಯಿತು. ಈಗ ಕತ್ತಿನಿಂದ ಕೆಳಗೆ ಅಲ್ಲಾಡುವುದಿಲ್ಲ, ಬೆವರುವುದೂ ಇಲ್ಲ. ಬೆವರದ ಮೈ ತಣಿಯುವುದಿಲ್ಲ, ಕೋಣೆ ಕಾದರೆ ಮೈಯೂ ಕಾಯುತ್ತದೆ, ಬೇಸಿಗೆಯಲ್ಲಿ ಅದೇ ಪ್ರಾಣಕ್ಕೆ ಬಂದೀತು ಎಂದಿದ್ದರು ಡಾಕ್ಟರು. ಹೋದ ಬೇಸಿಗೆಯಲ್ಲಿ ಅವನು ಹೆಂಡತಿಯ ಗುರುತೂ ಹತ್ತದೆ ಬಡಬಡಿಸಿದ್ದ. ಈಗ ಶಿವರಾತ್ರಿ ಕಳೆದು ಮತ್ತೆ ಅವನ ಮೈ ಕಾಯತೊಡಗಿತ್ತು.

ಅವಳ ಮನೆಗೆ ಅಳತೆಗೆ ಹೋದ ಶಿವರುದ್ರಸ್ವಾಮಿಗೆ ಬಾಗಿಲಿಗಿಂತ ಮೊದಲು ಕಿಟಕಿಯೇ ಮಾತಾಡಿತು, ನಾಗಯ್ಯನ ದನಿಯಲ್ಲಿ. "ಯಾರ್ಲಾ ಅದು, ಬಿಳಿ ಪಂಚೆ? ಸಾಲ ಕೊಡಕೆ ಬಂದ್ಯೋ, ವೋಟು ಕೇಳಕೋ?"

ಮನೆಯಲ್ಲಿ ಮಂಚ ಹಿಡಿಸುವುದು ಆ ಪಡುವಣ ಕಿಟಕಿಯ ಪಕ್ಕದಲ್ಲಿ ಮಾತ್ರ. ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟ ಒಂಟಿ ಗಾಜು, ಬೆರಳು ತೂರುವ ಸಂದು. ಮಧ್ಯಾಹ್ನ ಸರಳು ಮುಟ್ಟಿದರೆ ಚುರ್ರೆನ್ನುತ್ತಿತ್ತು. ನಾಗಯ್ಯನ ತಾಯಿ ಪುಟ್ಟಮಾದಮ್ಮ ಅವನ ಮೈಮೇಲೆ ಒದ್ದೆ ಬಟ್ಟೆ ಹಾಸುತ್ತಿದ್ದಳು, ಅದು ಕಣ್ಣೆದುರೇ ಒಣಗುತ್ತಿತ್ತು. ಆದರೂ ನಾಗಯ್ಯ ಬೀದಿಯಲ್ಲಿ ಹೋಗುವ ಒಬ್ಬರನ್ನೂ ಬಿಡುತ್ತಿರಲಿಲ್ಲ. "ಏನ್ಲಾ ಚಿಕ್ಕಯ್ಯ, ಕದ್ದು ಓಯ್ತಿದ್ದೀಯಾ? ನಿಂತ್ಕಳ್ಲಾ!"

ಶಿವರುದ್ರಸ್ವಾಮಿ ವ್ಯಾಪಾರದ ಮಾತನ್ನೇ ಆಡಿದ, ಆದರೆ ಸುಳ್ಳಾಡಲಿಲ್ಲ. ಕಬ್ಬಿಣ ಬಿಸಿಯನ್ನು ಒಳಕ್ಕೆ ಹೊತ್ತು ತರುತ್ತದೆ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕು ಅಷ್ಟು ತರುವುದಿಲ್ಲ. ಎರಡು ಗಾಜಿನ ನಡುವೆ ಗಾಳಿಯನ್ನು ಕಟ್ಟಿಹಾಕಿದ್ದರೆ ಒಳ್ಳೆಯದು. ಗಾಜಿನ ಮೇಲೆ ಬಿಸಿ ತಡೆಯುವ ತೆಳು ಲೇಪ ಇರಬೇಕು, ಸುತ್ತ ರಬ್ಬರು ಪಟ್ಟಿ ಬಿಗಿಯಾಗಿರಬೇಕು. ಕುಮಾರಿ ಅಂಗಡಿಗೆ ಮತ್ತೆ ಬಂದು, ಪ್ರತಿ ಕಿಟಕಿಯನ್ನೂ ಸೆರಗಿನ ತುದಿಯ ಮೇಲೆ ಮುಚ್ಚಿ, ಎಳೆದು ನೋಡಿದಳು. ಸೆರಗು ಜಾರಿ ಬಂದ ಕಿಟಕಿಯನ್ನು ಮತ್ತೆ ತಿರುಗಿ ನೋಡಲಿಲ್ಲ.

ಕೊನೆಗೆ ಅವಳು ಆರಿಸಿದ್ದು ರೆಸಾರ್ಟಿನ ಕೆಲಸದಲ್ಲಿ ಉಳಿದಿದ್ದ ಕನ್ನಡಿ ಗಾಜು. ಒಳಗಿನವರಿಗೆ ಹೊರಗು ಕಾಣುತ್ತದೆ, ಹೊರಗಿನವರಿಗೆ ಹಗಲಲ್ಲಿ ತಮ್ಮ ಮುಖವೇ ಕಾಣುತ್ತದೆ.

"ಇವ್ರನ್ನ ತೊಳ್ದು ಬಟ್ಟೆ ಆಕುವಾಗ ಬೀದಿಯೋರೆಲ್ಲ ನೋಡ್ತರೆ ಸ್ವಾಮಿ. ಬಿಸಿಲೂ ಬ್ಯಾಡ, ಕಣ್ಣೂ ಬ್ಯಾಡ."

ಕಿಟಕಿ ಕೂತಿತು. ಕೋಣೆ ತಣ್ಣಗಾಯಿತು, ಜ್ವರ ಇಳಿಯಿತು. ಒಂದು ವಾರದೊಳಗೆ ಕುಮಾರಿಯ ಫೋನು ಬಂತು. "ಬಂದು ಕಿತ್ತಾಕ್ಬುಡಿ ಸ್ವಾಮಿ."

ಅವನು ಕುದೇರಿಗೆ ಹೋದಾಗ ಮಧ್ಯಾಹ್ನ. ರೇವಂತ್ ಎಂಬ ಪಡ್ಡೆ ಹುಡುಗ ಆ ಗಾಜಿನ ಮುಂದೆ ನಿಂತು ಕ್ರಾಪು ತಿದ್ದುತ್ತಿದ್ದ. ಅವನ ಪಕ್ಕದಲ್ಲಿ ಚಿಕ್ಕಯ್ಯ ಬಾಯಿ ಕಿಸಿದು ಹಲ್ಲಿನ ಸಂದಿ ಕೆದಕುತ್ತಿದ್ದ. ಗೇಣು ದೂರದಲ್ಲಿ, ಗಾಜಿನ ಆಚೆ, ನಾಗಯ್ಯ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ.

"ಗಂಜಿ ಬಾಯಿಗೆ ಇಟ್ರೂ ಉಗೀತನೆ ಕಣಪ್ಪ," ಎಂದು ಒಳಗೆ ಬಂದ ಅವನೆದುರು ಪುಟ್ಟಮಾದಮ್ಮ ಅತ್ತಳು.

ನಾಗಯ್ಯ ಗೋಡೆಗೇ ಹೇಳಿದ: "ಊರೆಲ್ಲ ನನ್ ಮುಂದ್ಕೇ ಬಂದು ನಿಂತ್ಕತದೆ. ಕೂಗುದ್ರೆ ಕೇಳಾಕಿಲ್ಲ, ನಾನು ಕಾಣಾಕಿಲ್ಲ. ಮಣ್ಣು ಮಾಡೋ ಗುಂಡಿನೂ ತಂಪಾಗೇ ಇರ್ತದೆ ಸ್ವಾಮಿ."

ಕುಮಾರಿ ಸಿಟ್ಟಿನಲ್ಲಿ ಕಿಟಕಿಯನ್ನು ನೂಕಿ ತೆರೆದಳು. ಚಿಕ್ಕಯ್ಯ ಬೆಚ್ಚಿ ಹಿಂದೆ ಸರಿದ. ಕಾದ ಗಾಳಿ ನುಗ್ಗಿತು. ನಾಗಯ್ಯ ತಲೆ ತಿರುಗಿಸಿ, "ಹಲ್ಲುಜ್ಜಿಲ್ವೇನ್ಲಾ?" ಎಂದ, ನಕ್ಕ, ಗಂಜಿ ಕುಡಿದ. ಹೊತ್ತು ಇಳಿಯುವಷ್ಟರಲ್ಲಿ ಮೈ ಸುಡತೊಡಗಿತು, ಮಾತು ತೊದಲಿತು.

ಒದ್ದೆ ಬಟ್ಟೆ ಹಿಂಡುತ್ತ ಕುಮಾರಿ ಕೇಳಿದಳು: "ಬಿಸಿಗೆ ಸಾಯ್ಲೋ, ತಂಪಿಗೆ ಸಾಯ್ಲೋ? ಅದ್ನೂ ನಾನೇ ಆರುಸ್ಬೇಕಾ ಸ್ವಾಮಿ?"

ಹಿಡಿಕೆಯಿಂದ ಹಿಡಿದು ತಿರುಪಿನವರೆಗೆ ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಶಿವರುದ್ರಸ್ವಾಮಿ ತಿರುಪುಳಿ ಎತ್ತಿಕೊಂಡ. ಹೊರಗೆ ಹೋಗಿ ಕಿಟಕಿಯ ಮುಂದೆ ನಿಂತ. ಅವನ ನೆರಳು ಮಂಚದ ಮೇಲೆ ಬಿತ್ತು.

"ಅಲ್ಲೇ ನಿಂತ್ಕಳಿ!" ಕುಮಾರಿ ಕೂಗಿದಳು. ಹಿತ್ತಿಲಿಗೆ ಓಡಿ ಬಚ್ಚಲಿಗೆ ಕಟ್ಟಿದ್ದ ಬಿದಿರ ತಟ್ಟಿಯನ್ನು ಬಿಚ್ಚಿ ತಂದಳು. "ಬಿಸಿಲು ಗಾಜಿನತಕೇ ಬರ್ದಿದ್ರೆ ಕನ್ನಡಿ ಯಾಕೆ?"

ಅವನ ತಲೆಯೂ ಓಡತೊಡಗಿತು. ತಟ್ಟಿಯನ್ನು ಕಿಟಕಿಯ ಮೇಲಿಂದ ಬೀದಿಯ ಕಡೆಗೆ ಇಳಿಜಾರಾಗಿ ಚಾಚಿ ಕಟ್ಟಿದರು. ಕನ್ನಡಿ ಗಾಜು ತೆಗೆದು, ಲೇಪವಿದ್ದೂ ತಿಳಿಯಾಗಿ ಕಾಣುವ ಜೋಡಿ ಗಾಜು ಕೂರಿಸಿದ. ತೊಳೆಯುವಾಗ ಎಳೆಯಲು ಒಂದು ಪರದೆ. ಬೆಳಗ್ಗೆ, ಹೊತ್ತು ಮುಳುಗಿದ ಮೇಲೆ ಕಿಟಕಿ ಪೂರಾ ತೆರೆದಿರುತ್ತದೆ. ಬಿಸಿಲ ಹೊತ್ತಿನಲ್ಲಿ ಮುಚ್ಚಿದ್ದರೂ ಮುಖ ಕಾಣುತ್ತದೆ.

ಜ್ವರ ಪೂರ್ತಿ ಬಿಟ್ಟಿಲ್ಲ. ಗಾಳಿಯೇ ಕಾದ ದಿನ ಒದ್ದೆ ಬಟ್ಟೆ ಈಗಲೂ ಬೇಕು, ಕುಮಾರಿ ಈಗಲೂ ಗಳಿಗೆಗೊಮ್ಮೆ ಮೈ ಮುಟ್ಟಿ ನೋಡುತ್ತಾಳೆ. ಆದರೆ ನಾಗಯ್ಯ ಗಂಜಿ ಕುಡಿಯುತ್ತಾನೆ. ತಟ್ಟಿ ತಗ್ಗಿದ್ದರಿಂದ ಅವನನ್ನು ನೋಡಬೇಕಾದವರು ಬಗ್ಗಲೇಬೇಕು. ಯಾರಿಗೂ ತಲೆಬಾಗದ, ಮೇಲಿನ ಬೀದಿಯ ಪುಟ್ಟಮಲ್ಲಪ್ಪನವರೂ ಮೀಸೆ ಹಿಡಿದುಕೊಂಡು ಬಗ್ಗುತ್ತಾರೆ. "ಇನ್ನೂ ವಸಿ ಬಗ್ಗಿ, ಮೊಕ ಕಾಣ್ನಿಲ್ಲ," ಎನ್ನುತ್ತಾನೆ ನಾಗಯ್ಯ.

ಶಿವರುದ್ರಸ್ವಾಮಿ ಈಗ ಯಾರ ಮನೆಗೆ ಅಳತೆಗೆ ಹೋದರೂ, ಟೇಪು ಬಿಚ್ಚುವ ಮೊದಲು ಆ ಕಿಟಕಿಯ ಬಳಿ ಯಾರು ಇರುತ್ತಾರೆ, ಅವರಿಗೆ ಯಾರು ಕಾಣಬೇಕು ಎಂದು ಕೇಳುತ್ತಾನೆ. ಹಾಗೆ ಕೇಳುವುದನ್ನು ಅವನಿಗೆ ಕಲಿಸಿದವಳು ಕುಮಾರಿ. ಅವಳ ಆ ಋಣ ಅವನ ಮೇಲಿದೆ.