ಹನ್ನೆರಡನೆಯ ಗುರಿ ಮತ್ತು ಅತ್ತಿಗೆಯ ಬೆರಳು

ಜಗತ್ತಿನ ದೇಶಗಳೆಲ್ಲ ಕೂತು ಒಪ್ಪಿಕೊಂಡ ಹದಿನೇಳು ಗುರಿಗಳಿವೆ. ಅವುಗಳಲ್ಲಿ ಹನ್ನೆರಡನೆಯದು ನನ್ನ ಪಾಲಿಗೆ ಬಂದಿದೆ. ಬೇಕಾದಷ್ಟೇ ಬಳಸಿ, ಭೂಮಿಯನ್ನು ಹಾಳು ಮಾಡದೆ ತಯಾರಿಸಿ ಎನ್ನುವುದು ಅದರ ಸಾರ. ನಾನು ಕುಮಟಾದ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೇನೆ. ಭಟ್ಕಳದಿಂದ ಕುಮಟಾದವರೆಗಿನ ಹೆಂಗಸರ ಸಂಘಗಳಿಗೆ ಹೋಗಿ ಇದನ್ನು ತಿಳಿಸಿ ಹೇಳುವುದೇ ಆ ಕೆಲಸ. ಪ್ರತಿ ತರಬೇತಿಗೂ ಅದೇ ಚಿತ್ರಪಟ, ಅದೇ ಮಾತು. ಪ್ಲಾಸ್ಟಿಕ್ ಬಿಡಿ ಎಂದು ನಾನು ಹೇಳುವಾಗ ವೇದಿಕೆಯ ಮೇಲೆ ಗಣ್ಯರ ಮುಂದೆ ನೀರಿನ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಮೊದಮೊದಲು ಅದನ್ನು ನೋಡಿ ಮೈ ಉರಿಯುತ್ತಿತ್ತು. ಆಮೇಲೆ ನಗು ಬರುತ್ತಿತ್ತು. ಈಗ ಎರಡೂ ಇಲ್ಲ. ಬಾಯಾರಿದರೆ ನಾನೂ ಒಂದನ್ನು ತೆಗೆದು ಕುಡಿಯುತ್ತೇನೆ.

ಇಷ್ಟೆಲ್ಲದರ ನಡುವೆ ನಾನು ಮನಸಾರೆ ನಂಬಿದ್ದು ಒಂದನ್ನು ಮಾತ್ರ, ಸ್ಟೀಲ್ ತಟ್ಟೆಗಳನ್ನು. ನನ್ನ ತವರು ಭಟ್ಕಳ ತಾಲೂಕಿನ ಒಂದು ಹಳ್ಳಿ. ಅಲ್ಲಿನ ಸಂಘದ ಹೆಂಗಸರನ್ನು ಒಪ್ಪಿಸಿ, ಊರಿಗೆಲ್ಲ ಸಾಕಾಗುವಷ್ಟು ತಟ್ಟೆ, ಲೋಟ ಕೊಡಿಸಿದೆ. ಯಾರ ಮನೆಯಲ್ಲಿ ಊಟವಿದ್ದರೂ ಒಯ್ಯಬೇಕು, ಉಂಡು ತೊಳೆದು ತಂದಿಡಬೇಕು. ಕಾಗದದ ತಟ್ಟೆಗಳ ರಾಶಿಯನ್ನು ಹಳ್ಳಕ್ಕೆ ಸುರಿಯುವುದು ತಪ್ಪುತ್ತದೆ. ಬಾಳೆ ಎಲೆ ಯಾಕಾಗದು ಎಂದು ತರಬೇತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಹೆದ್ದಾರಿ ಅಗಲವಾದ ಮೇಲೆ ನಮ್ಮೂರಿನಲ್ಲಿ ಬಾಳೆ ಬೆಳೆಯುವ ಹಿತ್ತಲು ಎಷ್ಟು ಉಳಿದಿವೆ? ಇರುವ ಎಲೆ ಮಲ್ಲಿಗೆ ಕಟ್ಟುವವರಿಗೆ ಹೂವು ಸುತ್ತಿಡುವುದಕ್ಕೇ ಸಾಲದು.

ತಟ್ಟೆಗಳನ್ನು ಇಟ್ಟದ್ದು ನನ್ನ ಅಣ್ಣನ ಮನೆಯ ಜಗುಲಿಯ ಪಕ್ಕದ ಕೋಣೆಯಲ್ಲಿ. ಬೀಗದ ಕೈ ಅತ್ತಿಗೆಯ ಹತ್ತಿರ. ಒಯ್ದವರು ತೊಳೆದು ಕೊಡಬೇಕು ಎಂಬುದು ನಿಯಮ. ಅವರು ತೊಳೆದೇ ಕೊಡುತ್ತಿದ್ದರು, ಆದರೆ ತಟ್ಟೆಯ ಅಡಿಯಲ್ಲಿ ಪಾಯಸದ ಜಿಡ್ಡು ಹಾಗೇ ಇರುತ್ತಿತ್ತು. ಬೇರೆಯವರ ಮನೆಗೆ ಹಾಗೇ ಕೊಡಲು ಮನಸ್ಸಾಗದೆ ಅತ್ತಿಗೆ ಮತ್ತೊಮ್ಮೆ ತೊಳೆಯುತ್ತಿದ್ದಳು. ಬರಬರುತ್ತ ಊಟದ ಮನೆಯವರೇ ಅವಳನ್ನು ಕರೆಯತೊಡಗಿದರು, ತಟ್ಟೆಯ ಜೊತೆ ತೊಳೆಯುವವಳೂ ಬರುತ್ತಾಳೆ ಎನ್ನುವ ಹಾಗೆ. ಉಂಡವರು ತಾವೇ ತೊಳೆದರೆ ಮುಗಿಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮಲ್ಲಿ ನೆಂಟರು ಉಂಡ ಎಲೆಯನ್ನು ಅವರೇ ಎತ್ತಿದರೆ ಮನೆಯವರ ಮರ್ಯಾದೆ ಹೋಗುತ್ತದೆ. ಎಲೆಗೆ ಇದ್ದ ಕಟ್ಟಳೆಯೇ ತಟ್ಟೆಗೂ ಬಂದು ಕೂತಿತು.

ಅತ್ತಿಗೆ ಮಲ್ಲಿಗೆ ಕಟ್ಟುತ್ತಾಳೆ. ಬಾಳೆ ನಾರನ್ನು ನೆನೆಸಿ, ಎಳೆ ಎಳೆ ಸೀಳಿ, ಮೊಗ್ಗನ್ನು ಒತ್ತೊತ್ತಾಗಿ ಸೇರಿಸಿ ಕಟ್ಟುವ ಕೆಲಸ. ಕಣ್ಣು ಬೇಕಾಗಿಲ್ಲ, ಬೆರಳ ತುದಿಗೆ ಮೊಗ್ಗಿನ ತೊಟ್ಟು ಗೊತ್ತಾದರೆ ಸಾಕು. ನನ್ನ ಜೊತೆ ಹರಟುತ್ತಲೇ ಅವಳು ಮೊಳಗಟ್ಟಲೆ ಕಟ್ಟಿಬಿಡುತ್ತಿದ್ದಳು. ಆ ಮನೆಯಲ್ಲಿ ಅವಳದೇ ಎಂದು ಹೇಳಬಹುದಾದ ದುಡಿಮೆ ಅದೊಂದೇ. ಗಂಡನ ಮುಂದೆ ಕೈಚಾಚದೆ ಬದುಕಿದ್ದು ಆ ಹೂವಿನಿಂದ. ತಟ್ಟೆಗಳು ಬಂದ ಮೇಲೆ ಅವಳ ಬೆರಳ ತುದಿಗಳು ಒಡೆಯತೊಡಗಿದವು. ಪುಡಿ ಹಾಕಿ ತಿಕ್ಕಿ ತಿಕ್ಕಿ ಚರ್ಮ ಸುಲಿದು ಕೆಂಪಾಯಿತು. ಒಡೆದ ಕಡೆ ನಾರು ಹೊಕ್ಕು ಕೊಯ್ಯುತ್ತಿತ್ತು. ಕಟ್ಟುವುದು ನಿಧಾನವಾಯಿತು, ಗಂಟು ಸಡಿಲವಾಯಿತು. ಹೂವು ಒಯ್ಯುವವನು ಎರಡು ಸಲ ಗೊಣಗಿ ಹೋದ.

ಹೊನ್ನಾವರದ ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಲಾಮು ಬರೆದುಕೊಟ್ಟು, ಕೈ ಒದ್ದೆ ಮಾಡಿಕೊಳ್ಳಬೇಡಿ ಎಂದರು. ಬಸ್ ನಿಲ್ದಾಣಕ್ಕೆ ನಡೆದು ಬರುವಾಗ ಅತ್ತಿಗೆ ನಕ್ಕಳು.

"ಕೈ ಒದ್ದೆ ಮಾಡೂದು ಬೇಡ ಅಂತ ನಿನ್ನ ಅಣ್ಣನಿಗೂ ಒಂದು ಚೀಟಿ ಬರೆದು ಕೊಡುಕೆ ಡಾಕ್ಟ್ರ ಹತ್ರ ಹೇಳ್ಬೇಕಿತ್ತು."

ಮಳೆಗಾಲ ಕಳೆದ ಮೇಲೆ ಅಣ್ಣನ ಪಕ್ಕದ ಮನೆಯಲ್ಲಿ ಗೃಹಪ್ರವೇಶ. ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ಕೂತೆ. ಮುಂದೆ ನಮ್ಮದೇ ಸ್ಟೀಲ್ ತಟ್ಟೆ ಬಂತು. ತಟ್ಟೆಯ ಮೇಲೆ ಬಾಳೆ ಎಲೆಯ ಚಿತ್ರವಿದ್ದ ಹೊಳೆಯುವ ಒಂದು ದುಂಡು ಹಾಳೆ. ಕಾಗದ, ಅದಕ್ಕೆ ಪ್ಲಾಸ್ಟಿಕ್ಕಿನ ತೆಳು ಲೇಪ. ಅಂಚನ್ನು ಉಗುರಿನಿಂದ ಎತ್ತಿ ನೋಡಿದೆ. ಕೆಳಗೆ ತಟ್ಟೆ ಒಣಗಿ ಥಳಥಳಿಸುತ್ತಿತ್ತು. ಸಾಲಿನ ಆ ತುದಿಯಿಂದ ಈ ತುದಿಯವರೆಗೆ ಎಲ್ಲರದ್ದೂ ಹಾಗೇ. ಅಷ್ಟರಲ್ಲಿ ಅನ್ನ ಬಡಿಸಿಬಿಟ್ಟರು, ಉಂಡೆ. ಪಂಕ್ತಿ ಎದ್ದ ಮೇಲೆ ಹಾಳೆಗಳನ್ನು ಮಡಚಿ ಗೋಣಿಗೆ ತುಂಬಿದರು, ತಟ್ಟೆಗಳನ್ನು ಬಟ್ಟೆಯಿಂದ ಒರೆಸಿ ಪೇರಿಸಿದರು. ಗೋಣಿ ಹೋದದ್ದು ಅದೇ ಹಳ್ಳಕ್ಕೆ.

ನನಗೆ ಸಿಟ್ಟು ಬಂತು. ಹಿತ್ತಲಿಗೆ ಹೋಗಿ ಅತ್ತಿಗೆಯನ್ನು ಕೇಳಿದೆ, "ಇದು ಎಂತ ಅತ್ಗೆ? ಯಾರು ತಂದದ್ದು ಈ ಶೀಟು?"

"ನಾನೇ. ಪೇಟೆಯಿಂದ ತರ್ಸಿದೆ."

"ಹಂಗಾದ್ರೆ ತಟ್ಟೆ ಎಂತಕೆ?"

"ನೀ ಹೇಳಿದ ಹಾಗೆ ತಟ್ಟೆಯಲ್ಲೇ ಊಟ ಆತು. ಫೋಟೋ ತೆಗೆದ್ರೂ ತಟ್ಟೆಯೇ ಬತ್ತದೆ." ಅವಳು ಎರಡೂ ಕೈಯನ್ನು ನನ್ನ ಮುಂದೆ ಹಿಡಿದಳು. "ನಂಗೆ ಹೂ ಕಟ್ಟುಕೆ ಬೆರಳು ಬೇಕು ತಂಗಿ. ತಟ್ಟೆ ತೊಳೂದಾ, ಹೂ ಕಟ್ಟೂದಾ, ನೀನೇ ಹೇಳು."

ನನ್ನ ಸಿಟ್ಟು ಇಳಿದು ಅದರ ಜಾಗದಲ್ಲಿ ಒಂದು ಆಯಾಸ ಬಂದು ಕೂತಿತು, ಅದು ಇನ್ನೂ ಎದ್ದು ಹೋಗಿಲ್ಲ.

ಸ್ವಲ್ಪ ದಿನಕ್ಕೆ ಸಂಸ್ಥೆಯ ಮುಖ್ಯಸ್ಥರು ಫೋನ್ ಮಾಡಿದರು. ದೂರದಿಂದ ಅತಿಥಿಗಳು ಬರುತ್ತಾರೆ, ನಿಮ್ಮ ತಟ್ಟೆಯ ಊರನ್ನು ನೋಡಬೇಕಂತೆ, ಊಟವೂ ಅಲ್ಲೇ ಆಗಲಿ ಎಂದರು. ನಾನು ಧೈರ್ಯ ಮಾಡಿ, ಉಂಡವರು ತಮ್ಮ ತಟ್ಟೆಯನ್ನು ತಾವೇ ತೊಳೆಯಲಿ ಸರ್ ಎಂದೆ. "ಬಂದ ಅತಿಥಿಗಳಿಗೆ ಹಾಗೆ ಹೇಳುವುದು ಹೇಗೆ ಮೇಡಂ," ಎಂದು ಅವರು ಬೇರೆ ಮಾತಿಗೆ ಹೋದರು. ಊರಿಗೆ ಬಂದು ಅಣ್ಣನಿಗೂ ಹೇಳಿ ನೋಡಿದೆ.

"ಮನೆಗೆ ಬಂದವರ ಕೈಲಿ ಎಂಜಲು ತೊಳ್ಸೂದಾ? ನಾ ಕೇರಿಯಲ್ಲಿ ತಲೆ ಎತ್ತಿ ತಿರ್ಗೂದು ಬೇಡ್ವಾ?" ಎಂದ ಅಣ್ಣ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಆದರೆ ಒಬ್ಬನೇ ಗುರುವಿನ ಹತ್ತಿರ ಕಲಿತವರ ಹಾಗೆ ಮಾತಾಡಿದರು.

ಅತ್ತಿಗೆ ಕೇಳಿದ್ದು ಒಂದೇ, "ಶೀಟು ಹಾಕೂದು ಬೇಡ ಅಂದ್ರೆ ಅವತ್ತು ತೊಳೂದು ಯಾರು?"

"ನಾ ತೊಳೀತೆ."

"ಆತು," ಎಂದಳು.

ಅತಿಥಿಗಳು ಬಂದರು. ಅತ್ತಿಗೆ ನೋವು ನುಂಗಿ ಕಟ್ಟಿದ ಮಲ್ಲಿಗೆಯನ್ನು ಎಲ್ಲರಿಗೂ ಒಂದೊಂದು ತುಂಡು ಕೊಟ್ಟೆವು. ಕೋಣೆ ತೋರಿಸಿದೆ, ತಟ್ಟೆ ತೋರಿಸಿದೆ, ಅವರು ಫೋಟೋ ತೆಗೆದರು. ಅಂಗಳದ ಚಪ್ಪರದ ಕೆಳಗೆ ಊಟ. ಕುಚ್ಚಿಗೆ ಅಕ್ಕಿಯ ಅನ್ನ, ಬಸಳೆ ಸಾರು, ಪಾಯಸ. ಎಲ್ಲರೂ ಹೊಗಳಿ ಹೊಗಳಿ ಉಂಡರು. ಕೊನೆಗೆ ಅವರಲ್ಲಿ ಒಬ್ಬಾಕೆ, ನನ್ನದೇ ವಯಸ್ಸಿನವರು, ತಟ್ಟೆ ಹಿಡಿದು ಎದ್ದು ನಿಂತು ನಲ್ಲಿ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು.

ನನ್ನ ಎದೆ ಒಮ್ಮೆ ಹಗುರವಾಯಿತು. ಒಬ್ಬರು ತೊಳೆದರೆ ಉಳಿದವರೂ ಏಳುತ್ತಾರೆ. ಊರು ನೋಡುತ್ತದೆ. ಒಮ್ಮೆ ನೋಡಿದ್ದನ್ನು ನಾಳೆ ನಾವೂ ಮಾಡಬಹುದು. ಅಷ್ಟೆಲ್ಲ ಯೋಚಿಸುವಷ್ಟರಲ್ಲಿ ಅಣ್ಣ ಓಡಿ ಬಂದು, ಅಯ್ಯೋ ಬೇಡ ಬೇಡ ಎನ್ನುತ್ತ ಅವರ ಕೈಯಿಂದ ತಟ್ಟೆ ಕಿತ್ತುಕೊಂಡೇಬಿಟ್ಟ. ಆಕೆ ನಾಚಿ ಕೈಮುಗಿದು ಹಿಂದೆ ಸರಿದರು.

ಅಣ್ಣನ ಕೈಯಲ್ಲಿ ಎಂಜಲು ತಟ್ಟೆ ನೋಡಿದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಅದನ್ನು ಹಿಡಿದುಕೊಂಡು ಏನು ಮಾಡಬೇಕು ಎಂದು ತಿಳಿಯದೆ ನಿಂತ. ಪಕ್ಕದಲ್ಲೇ ಅತ್ತಿಗೆ ಇದ್ದಳು, ಅವಳ ಕಡೆ ಚಾಚಿದ. ಅವಳು ಸೆರಗಿನೊಳಗಿದ್ದ ಕೈಗಳನ್ನು ಹೊರಗೆ ತೆಗೆಯಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಅಂಗಳದಲ್ಲಿ ಎಲ್ಲರೂ ಇದ್ದರು. ಕೊನೆಗೆ ನಾನೇ ಹೋಗಿ ತಟ್ಟೆ ಇಸಿದುಕೊಂಡೆ.

ಗಾಡಿಗಳು ಹೋದವು. ಅಣ್ಣ ಅವರನ್ನು ಕಳಿಸಲು ರಸ್ತೆಯವರೆಗೆ ಹೋದವನು ಸಂಜೆಯಾದರೂ ಮನೆಗೆ ಬರಲಿಲ್ಲ. ನಾನು ಸೀರೆ ಎತ್ತಿ ಕಟ್ಟಿಕೊಂಡು ಬಾವಿಕಟ್ಟೆಯ ಹತ್ತಿರ ಕೂತೆ. ಅತಿಥಿಗಳ ಜೊತೆ ಊರಿನವರೂ ಉಂಡಿದ್ದರು, ತಟ್ಟೆಗಳು ಮುಗಿಯುತ್ತಲೇ ಇರಲಿಲ್ಲ. ಸೊಂಟ ಹಿಡಿಯಿತು, ಪುಡಿಗೆ ಉಗುರ ಸಂದು ಉರಿಯಿತು. ಅತ್ತಿಗೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ನೀರಿಗೆ ಕೈ ಹಾಕಲು ಎರಡು ಸಲ ಬಂದಳು, ಎರಡು ಸಲವೂ ಗದರಿಸಿ ಕೂರಿಸಿದೆ.

"ಅಡಿ ಸಮಾ ತಿಕ್ಕು, ಜಿಡ್ಡು ಅಲ್ಲೇ ಇರೂದು," ಎಂದಳು. ನಾನು ಇನ್ನೊಂದು ತಟ್ಟೆ ಎತ್ತಿಕೊಳ್ಳುವಾಗ ಕೇಳಿದಳು, "ನಿಮ್ಮ ಹದಿನೇಳರಲ್ಲಿ ತಟ್ಟೆ ತೊಳೂದು ಎಷ್ಟನೇದು?"

ಕುಹಕವಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಯೋಚಿಸಿದೆ. ಐದನೆಯದು ಹೆಂಗಸರದ್ದು, ಮನೆಗೆಲಸದ ಮಾತು ಅದರಲ್ಲಿ ಎಲ್ಲೋ ಬರುತ್ತದೆ. ಆದರೆ ಅದು ಸಂಸ್ಥೆಯಲ್ಲಿ ಬೇರೊಬ್ಬರ ಪಾಲು. ನನ್ನದು ಹನ್ನೆರಡು. "ಗೊತ್ತಿಲ್ಲ ಅತ್ಗೆ," ಎಂದೆ.

ಮರುವಾರ ಅತ್ತಿಗೆಯ ಫೋನ್ ಬಂತು. ಕೇರಿಯಲ್ಲಿ ಒಂದು ಸೀಮಂತ, ತಟ್ಟೆ ಕೇಳಿದ್ದಾರೆ, ಕೊಡಲಾ ಎಂದಳು. ಕೊಟ್ಟರೆ ತೊಳೆಯುವುದು ಯಾರು ಎಂದೇ ಅವಳು ಕೇಳುತ್ತಿರುವುದು ಎಂದು ಇಬ್ಬರಿಗೂ ಗೊತ್ತಿತ್ತು. ಬರುತ್ತೇನೆ ಎಂದೆ.

ಭಟ್ಕಳದಲ್ಲಿ ಬಸ್ಸಿಳಿದು ಪೇಟೆಯ ಅಂಗಡಿಗೆ ಹೋದೆ. ಬಾಳೆ ಎಲೆಯ ಚಿತ್ರವಿದ್ದ ಹಾಳೆಗಳ ದೊಡ್ಡ ಕಟ್ಟು ಒಂದನ್ನು ಕೊಂಡೆ. ಚೀಲ ಬೇಕಾ ಎಂದು ಅಂಗಡಿಯವನು ಕೇಳಿದ. ಬೇಡ, ತಂದಿದ್ದೇನೆ ಎಂದು ತರಬೇತಿಯಲ್ಲಿ ಹಂಚುವ ಬಟ್ಟೆ ಚೀಲ ಬಿಡಿಸಿದೆ. ಹದಿನೇಳು ಗುರಿಗಳೂ ಅದರ ಮೇಲೆ ಬಣ್ಣಬಣ್ಣದಲ್ಲಿ ಅಚ್ಚಾಗಿದ್ದವು.

ಮನೆಗೆ ಹೋಗಿ ಕಟ್ಟನ್ನು ಅತ್ತಿಗೆಯ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಂಗೆ ಎಂತ ಆತು?"

"ಎಂತದೂ ಇಲ್ಲ. ಬೆರಳು ತೋರ್ಸು."

ತೋರಿಸಿದಳು. ಬಿರುಕುಗಳು ಕೂಡಿಕೊಂಡು, ತುದಿಯಲ್ಲಿ ಹೊಸ ಚರ್ಮ ತೆಳ್ಳಗೆ ಬರುತ್ತಿತ್ತು. ಆಮೇಲೆ ಅವಳು ಕಟ್ಟನ್ನು ಎತ್ತಿಕೊಂಡು ಹೋಗಿ ತಟ್ಟೆಗಳ ಪಕ್ಕದಲ್ಲಿಟ್ಟು, ಬಂದು ಹೂವಿಗೆ ಕೂತಳು.